ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು

ನಮ್ಮ ದೊಡ್ಡಪ್ಪನಿಗೆ ರೇಷ್ಮೆ ಹುಳಕ್ಕೂ ಹೊಸ ವಿಶ್ವಾಸಿಗಳಿಗೂ ವ್ಯತ್ಯಾಸವೇ ಗೊತ್ತಿರಲಿಲ್ಲ. ಬೆನ್ನ ಹಿಂದೆ ಆಡ್ತಿರೋ ಮಾತಲ್ಲ ಇದು, ಎದುರಿಗೇ ಹೇಳಿದ್ದೆ. ಹೊಗಳಿಕೆ ಅಂದುಕೊಂಡು ಮೀಸೆ ಸವರಿಕೊಂಡರು.

ಎಪ್ಪತ್ತರ ದಶಕದ ಕೊನೆ. ನಮ್ಮ ಹೋಳೂರು ಕಡೆ ಸುವಾರ್ತಾ ಕೂಟಗಳು ಜೋರಾಗಿ ನಡೀತಿದ್ದ ಕಾಲ. ಜೀಪಿನಲ್ಲಿ ಬೋಧಕರು ಬರೋರು, ಗ್ಯಾಸ್‌ಲೈಟು ಹಚ್ಚೋರು, ಹಾರ್ಮೋನಿಯಂ ಬಾರಿಸೋರು. ನಾಲ್ಕಾರು ಜನ ನಂಬಿದ್ದೀವಿ ಅಂತ ಕೈ ಎತ್ತೋರು, ಕೆರೆಯಲ್ಲಿ ದೀಕ್ಷಾಸ್ನಾನ ಆಗೋದು. ಮಾರನೇ ದಿನ ನೋಡಿದ್ರೆ ಜೀಪಿನ ಧೂಳು ಬಿಟ್ಟು ಇನ್ನೇನೂ ಇಲ್ಲ. ಒದ್ದೆ ಬಟ್ಟೆಯಲ್ಲಿ ನಿಂತ ಆ ನಾಲ್ಕಾರು ಜನಕ್ಕೆ ಮುಂದಿನ ದಾರಿ ಹೇಳಿಕೊಡೋರು ಯಾರು? ನಮ್ಮೂರ ಕ್ರೈಸ್ತ ಸಭೆಯವರು ಯೋಚನೆ ಮಾಡಿ ಆ ಕೆಲಸ ದೊಡ್ಡಪ್ಪನಿಗೆ ವಹಿಸಿದರು. ಅವರಿಗೆ ಬೈಬಲ್ ಶಾಲೆಯ ಓದು ಇರಲಿಲ್ಲ. ಇದ್ದದ್ದು ಹಿಪ್ಪುನೇರಳೆ ತೋಟ ಒಂದು, ಹುಳ ಸಾಕೋ ಮನೆ ಒಂದು, ಹಾಳು ಹಟ ಇನ್ನೊಂದು.

ಪಾಸ್ಟರ್ ಅಯ್ಯನವರು ಹೊಸಬರಿಗೆ ಮೊದಲ ವಾರವೇ ಆದಿಕಾಂಡದ ವಂಶಾವಳಿ ಶುರು ಮಾಡಿದ್ದರು. ಯಾರಿಗೆ ಯಾರು ಹುಟ್ಟಿದರು ಅಂತ ಕೇಳಿ ಕೇಳಿ ಜನ ಕೂತಲ್ಲೇ ತೂಕಡಿಸೋರು.

"ಅಯ್ಯನೋರೇ, ನೆನ್ನೆ ಮೊಟ್ಟೆ ಒಡೆದು ಬಂದಿರೋ ಹುಳಕ್ಕೆ ಬಲಿತ ಸೊಪ್ಪು ಹಾಕ್ತಿದ್ದೀರಲ್ಲ? ಎಳೆ ಸೊಪ್ಪು ತರಬೇಕು, ಸಣ್ಣಗೆ ಹೆಚ್ಚಬೇಕು, ಆಮೇಲೆ ಉದುರಿಸಬೇಕು" ಅಂದರು ದೊಡ್ಡಪ್ಪ.

ಅವರು ಹೆಚ್ಚಿದ್ದು ಎಷ್ಟು ಸಣ್ಣಗೆ ಅಂತೀರಿ! ಹೊಸದಾಗಿ ನಂಬಿದ ಒಬ್ಬ ಅಜ್ಜಿಗೆ ಒಂದು ವಾರಕ್ಕೆ ಕೊಟ್ಟ ಪಾಠ ಇಷ್ಟೇ: ಹೆದರಬೇಡ. ಮುಂದಿನ ವಾರ ಅಜ್ಜಿ ಬಂದು, "ಅದು ಬಾಯಿಪಾಠ ಆಯ್ತಪ್ಪಾ, ಬೇರೆ ಹೇಳು" ಅಂದಳು.

"ಬಾಯಿಪಾಠ ಬಿಡು. ಹೆದರಿಕೆ ಹೋಯ್ತಾ?"

"ದೇವರಾಣೆ ಹೋಗಿದೆ. ಸೊಸೆ ಕಂಡರೆ ಮಾತ್ರ ಸ್ವಲ್ಪ..."

"ಹಾಗಾದ್ರೆ ಈ ವಾರವೂ ಅದೇ."

ಆ ಅಜ್ಜಿ ಎರಡನೇ ಪಾಠಕ್ಕೆ ಬರೋ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಸೊಸೆ ಮಾತ್ರ ಇವತ್ತಿಗೂ ದೊಡ್ಡಪ್ಪನನ್ನು ಬೈತಾಳೆ.

ಇನ್ನೊಂದು ಸಲ ಬೆಂಗಳೂರಿನಿಂದ ದೊಡ್ಡ ಬೋಧಕರೊಬ್ಬರು ಹೊಸ ವಿಶ್ವಾಸಿಗಳನ್ನು ನೋಡೋಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಮೈಗೆಲ್ಲ ಸೆಂಟು. ಹುಳ ಸಾಕೋ ಮನೆಗೆ ಹೊರಗಿನವರು ಕಾಲು ತೊಳೆಯದೆ ಹೋಗಬಾರದು, ವಾಸನೆ ಹಚ್ಚಿಕೊಂಡಂತೂ ಹೋಗಲೇಬಾರದು. ಹುಳಕ್ಕೆ ರೋಗ ಬರುತ್ತೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಅವತ್ತು ಸೇರಿದ್ದು ಹುಳದ ಮನೆಯಲ್ಲಲ್ಲ, ಪ್ರಾರ್ಥನಾ ಮನೆಯಲ್ಲಿ. ದೊಡ್ಡಪ್ಪನಿಗೆ ಅದೆಲ್ಲ ಒಂದೇ. ಬಾಗಿಲಲ್ಲಿ ಚೊಂಬು ಹಿಡಿದು ನಿಂತು, "ಕಾಲು ಚಾಚಿ" ಅಂತ ತಾವೇ ಬಗ್ಗಿ ತೊಳೆದರು. ಬೋಧಕರಿಗೆ ಯೇಸು ಶಿಷ್ಯರ ಕಾಲು ತೊಳೆದದ್ದು ನೆನಪಾಗಿ ಕಣ್ಣು ತುಂಬಿ ಬಂತು. "ಎಂಥ ದೀನಮನಸ್ಸಿನ ಸಭೆ" ಅಂತ ಗದ್ಗದಿತರಾದರು.

"ಕತ್ತೂ ತೊಳ್ಕೊಳ್ಳಿ, ಸೆಂಟು ಹೋಗಲಿ" ಅಂದರು ದೊಡ್ಡಪ್ಪ.

ಇಷ್ಟೆಲ್ಲ ನಗಾಡಿದೆ ಸರಿ. ಆದರೆ ಮುನಿಯಪ್ಪನ ವಿಷಯದಲ್ಲಿ ನಗೋ ಹಾಗಿರಲಿಲ್ಲ. ಗೌನಿಪಲ್ಲಿ ಕಡೆಯ ಮಾವಿನ ತೋಟದವನು ಅವನು. ಕನ್ನಡ ಶುರು ಮಾಡಿ ತೆಲುಗಲ್ಲಿ ಮುಗಿಸೋನು. ನಂಬಿದ ಮೇಲೆ ಹುರುಪಿನಿಂದ ಬರ್ತಿದ್ದ. ಆ ವರ್ಷ ಅವರೂರಿನಲ್ಲಿ ದೇವರಿಗೆ ದೀಪ ಹೊರೋ ಹಬ್ಬ ಬಂತು. ಅವನ ತಾಯಿಗೆ ಮೊಣಕಾಲು ನೋವು. ಮುದುಕಿ ಎರಡು ಹೆಜ್ಜೆ ಇಟ್ಟು ಕೂತುಬಿಟ್ಟಳಂತೆ. ಇವನು ಆಕೆಯ ತಂಬಿಟ್ಟಿನ ದೀಪದ ತಟ್ಟೆ ತಲೆ ಮೇಲೆ ಹೊತ್ತು ಗುಡಿವರೆಗೂ ನಡೆದ. ಸುದ್ದಿ ಸಭೆಗೆ ಮುಟ್ಟಿತು. ಮುಟ್ಟಿದ್ದು ಗೊತ್ತಾಗಿ ಅವನು ಬರೋದೇ ನಿಲ್ಲಿಸಿದ.

ಹಿರಿಯರು ಸೇರಿದರು. ಹೋಗಿ ಎಚ್ಚರಿಕೆ ಕೊಡೋಣ, ಕೇಳದಿದ್ರೆ ಸಭೆಯಿಂದ ತೆಗೆಯೋಣ ಅಂತ ಮಾತಾಯ್ತು.

"ಅವನಿಗೆ ಏನೂ ಆಗಿಲ್ಲ. ಜ್ವರಕ್ಕೆ ಕೂತವ್ನೆ" ಅಂದರು ದೊಡ್ಡಪ್ಪ.

ಪೊರೆ ಬಿಡೋ ಮುಂಚೆ ರೇಷ್ಮೆ ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತೆ. ಅದನ್ನೇ ನಮ್ಮ ಕಡೆ ಜ್ವರ ಅಂತಾರೆ. ಆಗ ಸೊಪ್ಪು ಹಾಕಬಾರದು, ಹುಳದ ತಟ್ಟೆ ಅಲ್ಲಾಡಿಸಬಾರದು. ಗೊತ್ತಿಲ್ಲದವರಿಗೆ ಹುಳ ಸತ್ತೇ ಹೋಯ್ತು ಅನ್ನಿಸುತ್ತೆ.

"ಅವನನ್ನ ತೆಗೆಯೋದಾದ್ರೆ ನನ್ನನ್ನೂ ತೆಗೀರಿ" ಅಂತ ಹೇಳಿ ದೊಡ್ಡಪ್ಪ ಟವೆಲ್ ಕೊಡವಿ ಎದ್ದರು.

ಆ ಭಾನುವಾರ ನನ್ನನ್ನೂ ಜೊತೆಗೆ ಕರ್ಕೊಂಡು ಬಸ್ ಹತ್ತಿದರು. ನಾನಾಗ ಹೊಸದಾಗಿ ಮೇಷ್ಟ್ರಾಗಿದ್ದೆ, ದೊಡ್ಡ ಬೋಧನೆ ಕೇಳಬಹುದು ಅಂತ ಹೋದೆ. ದೊಡ್ಡಪ್ಪ ಮುನಿಯಪ್ಪನ ಮನೆ ಜಗಲಿ ಮೇಲೆ ಕೂತರು. ಮಾವಿನ ಹೂವಿನ ಬಗ್ಗೆ, ಅದಕ್ಕೆ ಬೀಳೋ ಜಿಗಿಹುಳದ ಬಗ್ಗೆ, ಮುದುಕಿಯ ಮೊಣಕಾಲಿನ ಬಗ್ಗೆ ಮಾತಾಡಿದರು. ಒಂದು ಲೋಟ ಮಜ್ಜಿಗೆ ಕುಡಿದರು. ಬರ್ತೀನಿ ಅಂತ ಎದ್ದರು. ಮುನಿಯಪ್ಪ ಬೈಸಿಕೊಳ್ಳೋಕೆ ಕತ್ತು ಬಗ್ಗಿಸಿ ಕೂತವನು ಹಾಗೇ ಕೂತಿದ್ದ. ಒಳಗಿಂದ ಅವನ ಹೆಂಡತಿ, "ಏಮೀ ಅನಲೇದಾ?" ಅಂತ ಕೇಳಿದ್ದು ನಮಗೂ ಕೇಳಿಸಿತು. ಏನೂ ಅನ್ನಲಿಲ್ಲವಾ ಅಂತ ಆಕೆಗೇ ಅನುಮಾನ.

"ಇಷ್ಟು ದೂರ ಬಂದು ಮಜ್ಜಿಗೆ ಕುಡಿದು ಹೋಗೋದು ಯಾವ ಸೀಮೆ ಬೋಧನೆ ದೊಡ್ಡಪ್ಪಾ?" ಅಂದೆ ಬಸ್ಸಿನಲ್ಲಿ.

"ಹುಳ ಜ್ವರಕ್ಕೆ ಕೂತಾಗ ಸಾಕೋನು ಏನ್ಲಾ ಮಾಡ್ತಾನೆ? ಸೊಪ್ಪು ಹಾಕಲ್ಲ. ಹಾಗಂತ ಮನೆ ಬಿಟ್ಟೂ ಹೋಗಲ್ಲ. ಇರ್ತಾನೆ, ಅಷ್ಟೇ."

ಹೀಗೆ ಹೋಗ್ತಾನೇ ಇದ್ದರು. ಮಾವು ಹಣ್ಣಾಗೋ ಕಾಲಕ್ಕೆ ಒಂದು ಭಾನುವಾರ ಮುನಿಯಪ್ಪ ಒಂದು ಬುಟ್ಟಿ ಹಣ್ಣು ಹೊತ್ತುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತ. ಅವನನ್ನು ಕಂಡು ಅಯ್ಯನವರ ದನಿ ಏರತೊಡಗಿತು. "ಮೆಲ್ಲಗೆ ಅಯ್ಯನೋರೇ, ಈಗಷ್ಟೇ ಪೊರೆ ಬಿಟ್ಟವ್ನೆ" ಅಂತ ದೊಡ್ಡಪ್ಪ ಸಭೆಯ ನಡುವೆಯೇ ಅಂದುಬಿಟ್ಟರು.

ಆಮೇಲೆ ಕೆಲವು ವರ್ಷಕ್ಕೆ ನಮ್ಮ ದೊಡ್ಡಮ್ಮ ತೀರಿಕೊಂಡಳು. ಸೊಪ್ಪು ಹೆಚ್ಚುತ್ತಿದ್ದ ಕೈ ಆಕೆಯದೇ. ದೊಡ್ಡಪ್ಪ ಹುಳ ಸಾಕೋದು ಬಿಟ್ಟರು, ಸಭೆಗೆ ಬರೋದು ಬಿಟ್ಟರು, ಗೋಡೆ ಕಡೆ ಮುಖ ಮಾಡಿ ಮಲಗಿದರು. ಅವರು ಕೈ ಹಿಡಿದು ನಡೆಸಿದ ಅಷ್ಟೂ ಜನ ಕಂಗಾಲಾದರು. ನಾವೆಲ್ಲ ಒಬ್ಬರಾದ ಮೇಲೆ ಒಬ್ಬರು ಹೋಗಿ ವಚನ ಓದಿದೆವು, ಬುದ್ಧಿ ಹೇಳಿದೆವು. ಅವರು ತಿರುಗಿ ಕೂಡ ನೋಡಲಿಲ್ಲ. ಈ ಮನುಷ್ಯ ಮುಗಿದೇ ಹೋದರು ಅಂತ ನನಗೆ ಭಯ ಆಯ್ತು.

ಒಂದು ದಿನ ಮುನಿಯಪ್ಪ ಬಂದ. ಬಾಗಿಲಲ್ಲಿ ಕಾಲು ತೊಳೆದುಕೊಂಡ. ಒಳಗೆ ಬಂದು ದೊಡ್ಡಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತ. ಈ ಸಲ ಮಾವಿನ ಹೂವು ಚೆನ್ನಾಗಿ ಬಂದೈತೆ ಅಂತ ಒಂದು ಮಾತು ಹೇಳಿದ, ಅಷ್ಟೇ. ಅಷ್ಟು ಹೊತ್ತಿಗೆ ಅಯ್ಯನವರು ಬೈಬಲ್ ಹಿಡಿದು ಬರೋದು ಕಂಡಿತು. ಮುನಿಯಪ್ಪ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಈಗ ಬೇಡ ಅಯ್ಯನೋರೇ. ಅಣ್ಣ ಜ್ವರಕ್ಕೆ ಕೂತವ್ನೆ. ನಾನು ಇರ್ತೀನಿ."

ಗೋಡೆ ಕಡೆ ತಿರುಗಿದ್ದ ದೊಡ್ಡಪ್ಪನ ಭುಜ ಅಲುಗಾಡಿತು. ಅಳ್ತಿದ್ದಾರೋ ನಗ್ತಿದ್ದಾರೋ ನನಗೆ ತಿಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಎದ್ದು ಕೂತರು.

"ಮುನಿಯಪ್ಪಾ, ಮಜ್ಜಿಗೆ ಕುಡೀತೀಯೇನೋ?" ಅಂದರು. ಕೊಡೋಕೆ ದೊಡ್ಡಮ್ಮ ಇಲ್ಲ ಅನ್ನೋದು ಆಮೇಲೆ ನೆನಪಾಯ್ತೇನೋ. ಗೋಡೆ ಹಿಡಿದುಕೊಂಡು ತಾವೇ ಅಡುಗೆಮನೆಗೆ ಹೋದರು.