ದಾಂಪತ್ಯಕ್ಕೊಂದು ವಾಕಿಂಗ್

ಡಾಕ್ಟರಮ್ಮ ಎರಡು ಮಾತ್ರೆ ಬರೆದುಕೊಟ್ಟು ಕಳಿಸಿದ್ದರೆ ವಿಮಾ ಕಚೇರಿಯ ಗುಮಾಸ್ತನಿಗೆ ಈ ಫಜೀತಿ ಬರುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿ ಎಂಬ ಹೆಂಡತಿಯ ಕಾಟ ತಾಳಲಾರದೆ ಬೆನ್ನುನೋವೆಂದು ಹೋದವನನ್ನು ಕೂರಿಸಿಕೊಂಡು ಡಾಕ್ಟರಮ್ಮ ಮಂಚದ ವಿಷಯದವರೆಗೂ ವಿಚಾರಿಸಿದರು.

"ಬೆಳಿಗ್ಗೆ ನಡೀರಿ. ಹೊತ್ತಿಗೆ ಸರಿಯಾಗಿ ಮಲಗಿ. ಮೊಬೈಲ್ ಮಂಚಕ್ಕೆ ತರಬೇಡಿ. ಹೆಂಡತಿ ಹತ್ರ ಒಳ್ಳೆ ಮಾತಾಡಿ. ಆಸೆ ತಾನಾಗೇ ಚಿಗುರುತ್ತೆ."

ಗುಮಾಸ್ತ ಕಿವಿಯ ತುದಿಯವರೆಗೂ ಕೆಂಪಾದ.

ಮರುದಿನ ಬೆಳಿಗ್ಗೆ ಬೂಟು ಬಿಗಿದು ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಅಡ್ಡ ಬಂದರು. ಕಾಯಿಲೆಯಿಲ್ಲದವರನ್ನು ಕಂಡರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

"ಏನ್ ಸಾರ್, ವಾಕಿಂಗಾ? ಶುಗರ್ರಾ?"

"ಇಲ್ಲ. ಡಾಕ್ಟ್ರು ಸುಮ್ನೆ ನಡೀರಿ ಅಂದ್ರು."

"ಸುಮ್ನೆ ಯಾವ ಡಾಕ್ಟ್ರೂ ಹೇಳಲ್ಲ. ಹಾರ್ಟು!"

ಕಚೇರಿಯಲ್ಲಿ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದವನು ಹಳೇ ಸ್ಕೂಟರಿನಂತೆ ಗೊರಗುಟ್ಟುತ್ತ ನಿಂತದ್ದನ್ನು ಎಲ್ಲರೂ ನೋಡಿದರು. ಮಧ್ಯಾಹ್ನ ಹೆಂಡತಿಗೆ ಫೋನು ಮಾಡಿ, "ಯಾಕೋ ನಿನ್ನ ನೆನಪಾಯ್ತು ಕಣೇ" ಎಂದಾಗ ಟೈಪಿಸ್ಟಮ್ಮ ಕಣ್ಣೊರೆಸಿಕೊಂಡಳು. ಮ್ಯಾನೇಜರು ಮೆಲ್ಲನೆ ಬಂದು ಭುಜ ತಟ್ಟಿದರು.

"ಧೈರ್ಯವಾಗಿರಿ. ಹಾಗೇ ನಿಮ್ಮ ಕೆಲಸ ಯಾರಿಗಾದ್ರೂ ಹೇಳ್ಕೊಟ್ಬಿಡಿ. ಆಮೇಲೆ ನಮಗೆ ತೊಂದ್ರೆ ಆಗ್ಬಾರ್ದು ನೋಡಿ."

ಸಂಜೆ ಹೂವಿನ ಪೊಟ್ಟಣ ಹಿಡಿದು ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಓಣಿಗೆ ಓಣಿಯೇ ಕೂತಿತ್ತು. ಕಾಂಪೌಂಡರ್ ಕೊಟ್ಟ ಸುದ್ದಿಗೆ ಅತ್ತೆ ಹಾಸಿಗೆ ಸಮೇತ ಬಸ್ಸಿಳಿದಿದ್ದರು.

"ಅಳಿಯಂದ್ರೇ, ಮುಚ್ಚಿಡಬೇಡಿ. ಹಾರ್ಟೇ ತಾನೆ? ಇಲ್ದಿದ್ರೆ ಡಾಕ್ಟ್ರು ನಡೀರಿ ಅಂದಿದ್ದು ಯಾತಕ್ಕೆ?"

ನಿಜ ನಾಲಿಗೆಯ ತುದಿಗೆ ಬಂತು. ಅತ್ತೆಯ ಕನ್ನಡಕ ಕಂಡು ಹಿಂದಕ್ಕೆ ಓಡಿತು.

"ಹೌದು... ಹಾರ್ಟೇ."

ಕಾಂಪೌಂಡರ್ ಚುನಾವಣೆ ಗೆದ್ದವರಂತೆ ಎದ್ದು ನಿಂತರು. "ನಾನು ಹೇಳ್ಲಿಲ್ವಾ! ಇನ್ಮೇಲೆ ಗಂಡ ಹೆಂಡತಿ ಬೇರೆ ಬೇರೆ ಮಲಗ್ಬೇಕು. ಉದ್ವೇಗ ಅನ್ನೋದು ವಿಷ!"

"ಮಗಳ ಜೊತೆ ನಾನು ಮಲಗ್ತೀನಿ. ಇವರು ಹುಷಾರಾಗೋವರೆಗೂ ಇಲ್ಲೇ ಇರ್ತೀನಿ" ಎಂದರು ಅತ್ತೆ.

ಹೆಂಡತಿ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹಲ್ಲು ಕಡಿದಳು.

"ಹಾರ್ಟು ಅಂತ ಯಾಕ್ರೀ ಒದರಿದ್ರಿ?"

"ಮತ್ತೇನು ಹೇಳ್ಲಿ? ಡಾಕ್ಟರಮ್ಮ ಏನಂದ್ರು ಅಂತ ನಿನಗೇನು ಗೊತ್ತು?"

"ಗೊತ್ತಿಲ್ದೆ ಏನು! ನಮ್ಮವರಿಗೆ ಹೀಗ್ಹೀಗೆ ಹೇಳಿ ಅಂತ ಬೇಡ್ಕೊಂಡು ಬಂದವಳೇ ನಾನು!"

ಗುಮಾಸ್ತನ ಎದೆ ಈಗ ನಿಜವಾಗಿಯೂ ಡವಡವ ಎಂದಿತು. ಅವಳ ಕೈ ಹಿಡಿಯಲು ಮುಂದಾದ. ಬಾಗಿಲಲ್ಲಿ ಅತ್ತೆ ದಿಂಬು ಹಿಡಿದು ನಿಂತಿದ್ದರು.

"ಬನ್ನಿ ಅಳಿಯಂದ್ರೇ, ನಡುಮನೇಲಿ ಹಾಸಿಗೆ ಹಾಸಿದೀನಿ. ನಿಮ್ಮ ಪಕ್ಕದಲ್ಲಿ ಕಾಂಪೌಂಡರ್ ಮಲಗ್ತಾರಂತೆ."