ಸಾಕ್ರಿ ಅಂದರೆ ಎಷ್ಟು?

ಗಂಡಸು ಒಲೆಯ ಮುಂದೆ ನಿಂತರೆ ಅಡುಗೆ ಆಗುತ್ತದೋ ಇಲ್ಲವೋ, ಏನಾದರೊಂದು ಮಾತ್ರ ಆಗೇ ಆಗುತ್ತದೆ. ನಾನೊಬ್ಬ ಗುಮಾಸ್ತ. ನಮ್ಮ ಜಿಲ್ಲೆಯೊಳಗೇ ತಿರುಗಿಸಿ ತಿರುಗಿಸಿ ವರ್ಗ ಮಾಡುತ್ತಾರೆ. ಹೋದ ಊರಲ್ಲಿ ಹೆಂಡತಿ ಯಾವುದಾದರೂ ದವಾಖಾನೆಯಲ್ಲಿ ನರ್ಸ್ ಕೆಲಸ ಹಿಡಿಯುತ್ತಾಳೆ. ಅವಳ ಪಾಳಿ ಬಂದ ದಿನ ಅಡುಗೆ ನನ್ನದು. ದೊಡ್ಡದೇನಲ್ಲ, ರೊಟ್ಟಿ, ಝುಣಕ, ನುಚ್ಚು, ಇಂಥ ಮನೆಯ ಊಟ.

ಉಣ್ಣುವವರಲ್ಲಿ ನಮ್ಮ ಅತ್ತೆಯವರೂ ಇದ್ದಾರೆ, ಹೆಂಡತಿಯ ತಾಯಿ. ನನ್ನ ಅಡುಗೆಗೆ ಒಂದು ದಿನವೂ ಹೆಸರಿಟ್ಟು ಕುಂದು ತೆಗೆದವರಲ್ಲ. ಆದರೆ ಏನೇ ಬಡಿಸಿದರೂ ಒಂದು ಸಲ ಹಾಕಿಸಿಕೊಂಡು, "ಛಲೋ ಆಗೇತ್ರಿ ಅಳಿಯಾರ, ಸಾಕ್ರಿ" ಎಂದು ತಟ್ಟೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಛಲೋ ಆಗಿದ್ದರೆ ಸಾಕು ಯಾಕೆ? ಈ ಪ್ರಶ್ನೆ ಊರಿಂದ ಊರಿಗೆ ನನ್ನ ಬೆನ್ನು ಹತ್ತಿತು. ಒಂದೇ ಒಂದು ಸಲ ಅವರು ನನ್ನ ಕೈಯಿಂದ ಎರಡನೇ ಸಲ ಹಾಕಿಸಿಕೊಂಡು ಉಣ್ಣಬೇಕು ಎಂದು ನಾನೂ ಹಟ ಹಿಡಿದೆ.

ಇಂಡಿಯಲ್ಲಿ ರೊಟ್ಟಿ ಬಡಿದದ್ದು

ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಇದು ಯಾರ ಕೈ ಎಂದು ಹೇಳುವ ಹೆಂಗಸರಿದ್ದ ಓಣಿ ಅದು. ಹೆಂಡತಿ ಬಡಿದರೆ ಟಪಟಪ ಎಂದು ಒಂದೇ ಲಯ. ನಾನು ಬಡಿದರೆ ಮೊದಲು ಧಬ್, ಆಮೇಲೆ ಸ್ವಲ್ಪ ವಿಚಾರ, ಆಮೇಲೆ ಮತ್ತೆ ಧಬ್ ಧಬ್.

ಮೂರನೇ ರೊಟ್ಟಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಕಾಕು ಬಗಲಲ್ಲಿ ಬಟ್ಟೆಯ ಗಂಟು ಹಿಡಿದು ಬಾಗಿಲಿಗೆ ಬಂದರು.

"ತಮ್ಮಾ, ಅರಿವಿ ಒಗ್ಯಾಕತ್ತಿ ಏನು? ಇವೆರಡು ಚಾದರ ಅದಾವ ನೋಡು, ನನಗ ಸೊಂಟ ಹಿಡದೈತಿ."

ಹಿಟ್ಟಿನ ಕೈ ಎತ್ತಿ ತೋರಿಸಿ, "ಇಲ್ರಿ ಕಾಕು, ರೊಟ್ಟಿ ಮಾಡಾಕತ್ತೇನಿ" ಅಂದೆ. ಅವರು ಬಗ್ಗಿ ನನ್ನ ರೊಟ್ಟಿ ನೋಡಿದರು.

"ಇರ್ಲಿ ಬಿಡು. ಇದು ಮುಗದ ಮ್ಯಾಲ ಒಗಿ" ಎಂದು ಗಂಟು ಇಟ್ಟೇ ಹೋದರು.

ಅಂದಿನ ರೊಟ್ಟಿಗಳೆಲ್ಲ ಹರಿದು ಚೂರಾದವು. ಬಿಸಿ ಇರುವಾಗಲೇ ಅವಕ್ಕೆ ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಕೆಂಪು ಖಾರ ಹಾಕಿ ಕುಟ್ಟಿ, ತುಪ್ಪ ಹಚ್ಚಿ, ಮುಷ್ಟಿಯಲ್ಲಿ ಉಂಡೆ ಕಟ್ಟಿ ಮುಟಗಿ ಮಾಡಿಟ್ಟೆ. ಅತ್ತೆಯವರು ಒಂದು ಮುಟಗಿ ತಿಂದು, "ಸಾಕ್ರಿ" ಅಂದರು. ನಾನು ಸಪ್ಪೆ ಮುಖ ಮಾಡಿಕೊಂಡು ಹೋಗಿ ಚಾದರ ಒಗೆದೆ. ಚಾದರ ಮಾತ್ರ ಬಹಳ ಛಲೋ ಆಗಿವೆ ಎಂದು ಕಾಕು ಓಣಿ ತುಂಬ ಹೇಳಿಕೊಂಡು ಬಂದರು.

ಸಿಂದಗಿಯಲ್ಲಿ ಫೋನಿನ ಮೇಲೆ ಸಾರು

ತೊಗರಿಬೇಳೆ ಸಾರು ಮಾಡಲು ಕುಳಿತು ಹೆಂಡತಿಗೆ ಫೋನ್ ಹಚ್ಚಿದೆ. ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಗಿಸಿಕೊಂಡು ಎದುರಿಗಿದ್ದ ಅಜ್ಜನೊಬ್ಬನ ಬಿಪಿ ನೋಡುತ್ತಿದ್ದಳಂತೆ. ನಮ್ಮ ಮಾತಿನಲ್ಲಿ ಗಂಡನಿಗೂ "ರಿ", ಪೇಷಂಟಿಗೂ "ರಿ". ಯಾವ "ರಿ" ಯಾರದು ಎಂದು ಹೇಗೆ ತಿಳಿಯಬೇಕು?

"ಈಗೇನು ಹಾಕ್ಲಿ?" ಅಂದೆ.

"ಉಪ್ಪು ಪೂರಾ ಬಂದ್ ಮಾಡ್ರಿ. ಖಾರ ಮುಟ್ಟಬ್ಯಾಡ್ರಿ" ಅಂದಳು.

ಅತ್ತೆಯವರ ವಯಸ್ಸಿನ ಕಾಳಜಿ ಇರಬೇಕು ಎಂದುಕೊಂಡು ಎರಡನ್ನೂ ದೂರ ಸರಿಸಿದೆ.

"ಬೆಳ್ಳೊಳ್ಳಿ ಜಜ್ಜಿ ಎಣ್ಣ್ಯಾಗ ಕೆಂಪಗ ಕಾಸಿ ಮ್ಯಾಲ ಹಾಕ್ರಿ. ಕಡೀಕ ಕೊತ್ತಂಬ್ರಿ ಉದುರಸ್ರಿ."

ಅದನ್ನೂ ಮಾಡಿದೆ. ಅಂದು ಆ ಸಾರು ಬಾಯಿಗಿಟ್ಟುಕೊಂಡು ಅತ್ತೆಯವರು ಮೇಲೆ ತೊಲೆ ನೋಡಿದರು. ಆಮೇಲೆ ಎಂದಿನ ಮಾತು ಹೇಳಿದರು. ಉಪ್ಪಿನ ಮಾತು ಅಜ್ಜನಿಗೆ, ಬೆಳ್ಳುಳ್ಳಿಯ ಮಾತು ನನಗೆ ಎಂಬುದು ತಿಳಿದದ್ದು ಹೆಂಡತಿ ಮನೆಗೆ ಬಂದು ಒಂದು ತುತ್ತು ಉಂಡ ಮೇಲೆ. ಅವಳು ನಕ್ಕು ನಕ್ಕು ಗೋಡೆಗೆ ಒರಗಿದಳು.

ಆದರೆ ಅಜ್ಜನೂ ಎರಡೂ ಮಾತು ಕೇಳಿಸಿಕೊಂಡಿದ್ದನಲ್ಲ. ಮುಂದಿನ ವಾರ ದವಾಖಾನೆಗೆ ಬಂದವನು ಕೈ ಮುಗಿದನಂತೆ. "ನರ್ಸ್ ಬಾಯಾರ, ನೀವು ಹೇಳಿದಂಗ ಬೆಳ್ಳೊಳ್ಳಿ ಎಣ್ಣಿ ಮೊಣಕಾಲ ಮ್ಯಾಲ ಹಾಕಿದ್ನಿರಿ, ಬ್ಯಾನಿ ಹಾರಿಹೋತು. ಆದ್ರ ಕೊತ್ತಂಬ್ರಿ ನಿಲ್ಲವಲ್ದುರಿ, ಜಾರಿ ಜಾರಿ ಬೀಳ್ತೈತಿ."

ಮುದ್ದೇಬಿಹಾಳದ ಝುಣಕ

ಕುದಿಯುವ ಒಗ್ಗರಣೆ ನೀರಿಗೆ ಕಡಲೆಹಿಟ್ಟನ್ನು ಸ್ವಲ್ಪ ಸ್ವಲ್ಪ ಉದುರಿಸುತ್ತಾ ತಿರುವಬೇಕು, ಅದು ಝುಣಕ. ನಾನು ಒಮ್ಮೆಲೇ ಸುರುವಿದೆ. ಗೋಲಿಯಂಥ ಗಂಟುಗಳಾದವು. ಅದೇ ದಿನ ನಮ್ಮ ಸಾಹೇಬರು ಊಟಕ್ಕೆ ಬಂದಿದ್ದರು.

"ಏನ್ರೀ ಇದು, ಝುಣಕದಾಗ ಗುಂಡಗ ಗುಂಡಗ?" ಎಂದು ಕೇಳಿದರು.

ಒಳಗಿನಿಂದ ಅತ್ತೆಯವರೇ ಮಾನ ಕಾಯ್ದರು: "ಅದು ನಮ್ಮ ಅಳಿಯಾರದ ಪದ್ಧತ್ರಿ. ಎಲ್ಲಾರಿಗೂ ಬರಾಂಗಿಲ್ಲ."

ಸಾಹೇಬರು ಗಂಟುಗಳನ್ನೇ ಆರಿಸಿ ಆರಿಸಿ ತಿಂದರು. ಎರಡು ದಿನ ಬಿಟ್ಟು ಕಚೇರಿಯಲ್ಲಿ ನನ್ನನ್ನು ಒಳಗೆ ಕರೆದು ಬಾಗಿಲು ಎಳೆದುಕೊಂಡರು. ಇನ್ನೊಂದು ವರ್ಗದ ಆದೇಶವೇ ಇರಬೇಕು ಎಂದುಕೊಂಡೆ.

"ನಮ್ಮ ಮನಿಯಾಕಿ ಎಷ್ಟ ತಿರುವಿದ್ರೂ ಗಂಟ ಆಗವಲ್ದು ನೋಡ್ರಿ. ಏನರ ಗುಟ್ಟು ಐತೇನು?"

ಬಸವನ ಬಾಗೇವಾಡಿಯ ಬೆಕ್ಕು

ಇಲ್ಲಿಗೆ ಬರುವಷ್ಟರಲ್ಲಿ ನನ್ನ ಕೈ ಪಳಗಿತ್ತು. ಜೋಳದ ನುಚ್ಚು ಹದವಾಗಿ ಬೇಯುತ್ತಿತ್ತು, ಮಜ್ಜಿಗೆ ಹಾಕಿಕೊಂಡರೆ ಹೊಟ್ಟೆ ತಂಪಾಗುತ್ತಿತ್ತು. ಹೆಂಡತಿ ಮೆಚ್ಚಿದಳು. ಅತ್ತೆಯವರದು ಮಾತ್ರ ಅದೇ ಒಂದು ಸೌಟು, ಅದೇ "ಸಾಕ್ರಿ". ನನಗೆ ನಿಜವಾಗಿಯೂ ಕೆಟ್ಟದೆನಿಸಿತು.

ಅದರ ಜೊತೆಗೆ ಮನೆಗೆ ಬೆಕ್ಕಿನ ಕಾಟ ಶುರುವಾಯಿತು. ಮುಂಜಾನೆ ಉಳಿದ ನುಚ್ಚು ಸಂಜೆಗೆ ಇರುತ್ತಿರಲಿಲ್ಲ. ಪಕ್ಕದಲ್ಲಿದ್ದ ಹಾಲು ಹಾಗೇ ಇರುತ್ತಿತ್ತು. ಮುಚ್ಚಳದ ಮೇಲೆ ಕಲ್ಲು ಇಟ್ಟೆ. ಬೆಕ್ಕು ಕಲ್ಲು ಇಳಿಸಿ, ನುಚ್ಚು ತಿಂದು, ಪಾತ್ರೆ ತೊಳೆದು ಬೋರಲು ಹಾಕಿ ಹೋಗಿತ್ತು. ಇಂಥ ಬೆಕ್ಕು ಸಿಕ್ಕರೆ ಸಾಕಿಕೊಳ್ಳೋಣ ಅಂದಳು ಹೆಂಡತಿ.

ಒಂದು ಮಧ್ಯಾಹ್ನ ಮರೆತ ಕಾಗದವೊಂದನ್ನು ಒಯ್ಯಲು ಮನೆಗೆ ಬಂದೆ. ಅಡುಗೆಮನೆಯಲ್ಲಿ ಅತ್ತೆಯವರು ನುಚ್ಚಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ನನ್ನನ್ನು ನೋಡಿ ತುತ್ತು ಅರ್ಧಕ್ಕೇ ನಿಂತಿತು.

"ಅತ್ತಿಯಾರ! ನೀವು ದಿನಾ ಸಾಕು ಅಂತಿದ್ರಲ್ಲ?"

ಆಗ ನೋಡಿ, ಅವರು ಇಷ್ಟು ವರ್ಷ ತಡೆಹಿಡಿದ ಸಿಟ್ಟೆಲ್ಲ ಒಮ್ಮೆಲೇ ಹೊರಗೆ ಬಂತು.

"ಸಾಕು ಅಂದ್ರ ಸಾಕು ಅಂತ ಯಾರರ ತಿಳ್ಕೊಂತಾರೇನ್ರಿ? ಸಾಕು ಅನ್ನೂದು ಉಣ್ಣಾವ್ರ ಧರ್ಮ, ಹಾಕೂದು ನೀಡಾವ್ರ ಧರ್ಮ! ನೀವು 'ಇನ್ನೊಂದಿಷ್ಟು' ಅನ್ನಬೇಕು, ನಾ 'ಬ್ಯಾಡ' ಅನ್ನಬೇಕು, ನೀವು ಹಾಕೇ ಬಿಡಬೇಕು. ನೀವು ನೋಡಿದ್ರ ಸಾಕು ಅನ್ನೂದ ತಡ, ಸೌಟ ತಗೊಂಡು ಒಳಗ ಓಡ್ತೀರಿ! ಅಳಿಯಾರ, ನಾಲ್ಕೂ ತಾಲೂಕಿನ್ಯಾಗ ಅರ್ಧಾ ಹೊಟ್ಟಿ ಉಂಡೇನ್ರಿ ನಾ!"

ಹುಟ್ಟಿದಾಗಿನಿಂದ ಬಡಿಸಿಕೊಂಡೇ ಬೆಳೆದ ಗಂಡಸಿಗೆ ಬಡಿಸುವ ರೀತಿ ಯಾರು ಕಲಿಸಿದ್ದರು? ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಗದ ಅಲ್ಲೇ ಮರೆತು ಕಚೇರಿಗೆ ಹೋದೆ.

ಅಂದು ರಾತ್ರಿ ಪಾತ್ರೆ ತುಂಬ ನುಚ್ಚು ಬೇಯಿಸಿ ಅವರ ಮುಂದೆ ಕುಳಿತೆ. "ಸಾಕ್ರಿ" ಅಂದರು, ಹಾಕಿದೆ. "ಬ್ಯಾಡ್ರಿ" ಅಂದರು, ಹಾಕಿದೆ. ಮುಖ ಅರಳಿತ್ತು. "ಅಯ್ಯ, ಎಷ್ಟ್ ಹಾಕ್ತೀರಿ" ಅಂದರು, ಇನ್ನೂ ಹಾಕಿದೆ. ಕೊನೆಗೆ ಎರಡೂ ಕೈಯಿಂದ ತಟ್ಟೆ ಮುಚ್ಚಿಕೊಂಡು, "ಅಳಿಯಾರ, ಕೈ ಮುಗಿತೇನಿ, ಈಗ ಖರೇನ ಸಾಕ್ರಿ!" ಎಂದು ಕೂಗಿದರು.

ಇದು ಯಾವ ಸಾಕ್ರಿ ಎಂದು ನನಗೇನು ಗೊತ್ತು? ಮೆಲ್ಲಗೆ ಕೈ ಸರಿಸಿ ಇನ್ನೊಂದು ಸೌಟು ಹಾಕಿದೆ.