ಮೂಲ ಆಕರಕ್ಕೆ ಶಾಲು ಹೊದೆಸಿದ ಕಥೆ

ಉಡುಪಿಯಲ್ಲಿ ಕೂತು ಅಮೆರಿಕದ ಇತಿಹಾಸ ಪಾಠ ಮಾಡುವವಳು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ದಿನಾ ಹಾಜರಿ ಕೊಟ್ಟು ಮುಂದಿನ ಬೆಂಚಿನಲ್ಲಿ ಕೂತಿರುತ್ತದೆ. ಕೆಲವು ದಿನ ಸ್ಟಾಫ್ ರೂಮಿನಲ್ಲಿ, ಕೆಲವು ದಿನ ಪ್ರಾಂಶುಪಾಲರ ಕುರ್ಚಿಯಲ್ಲೂ ಕೂತಿರುತ್ತದೆ.

ಯಾರಿಗೆ ಬೇಕು ಇದು?

ಅಂಬಲಪಾಡಿಯ ನನ್ನ ದೊಡ್ಡಮ್ಮ ಒಮ್ಮೆ ಕೇಳಿದರು, "ನೀನು ಕಾಲೇಜಿನಲ್ಲಿ ಎಂತ ಕಲಿಸುವುದು?"

"ಅಮೆರಿಕದ ಇತಿಹಾಸ, ಅಲ್ಲಿಯ ಸರಕಾರ."

ದೊಡ್ಡಮ್ಮ ಸ್ವಲ್ಪ ಯೋಚಿಸಿದರು. "ಯಾಕೆ, ಅವರದ್ದು ಅವರಿಗೆ ಗೊತ್ತಿಲ್ವಾ?"

ದೊಡ್ಡಮ್ಮ ಹೇಳಿದರೆ ನಗಬಹುದು. ಅದೇ ಮಾತನ್ನು ಪ್ರಾಂಶುಪಾಲರು ಹೇಳಿದಾಗ ನನಗೆ ನಗು ಬರಲಿಲ್ಲ. ನಾನು ಅತಿಥಿ ಉಪನ್ಯಾಸಕಿ. ಅತಿಥಿ ಎಂಬುದು ಹೆಸರಿಗೆ ಮಾತ್ರ, ಕುರ್ಚಿಯನ್ನೂ ನಾವೇ ಹುಡುಕಿಕೊಳ್ಳಬೇಕು.

"ಮೇಡಂ, ಈ ಅಮೆರಿಕ ಪೇಪರ್ ಯಾರಿಗೆ ಬೇಕು ಹೇಳಿ?" ಎಂದರು ಪ್ರಾಂಶುಪಾಲರು. "ವರ್ಷದ ಕೊನೆಗೆ ತಪಾಸಣಾ ಸಮಿತಿ ಬರುತ್ತದೆ. ಅವರು ಒಳ್ಳೆಯದುಂಟು ಎಂದರೆ ಇಡುವ. ಇಲ್ಲದಿದ್ದರೆ ಆ ಜಾಗಕ್ಕೆ ಟೂರಿಸಂ ಹಾಕುವ."

ಪೇಪರ್ ಹೋದರೆ ನಾನೂ ಹೋದ ಹಾಗೆ. "ಟೂರಿಸಂ ಪಾಠ ಮಾಡುವವರು ಯಾರು ಸರ್?" ಎಂದು ಕೇಳಿದೆ. "ನನ್ನ ಹೆಂಡತಿ ತುಂಬಾ ಊರು ಸುತ್ತಿದ್ದಾಳೆ" ಎಂದರು.

ಅಷ್ಟು ಜನ ಸುಳ್ಳು ಹೇಳ್ತಾರಾ?

ಇತಿಹಾಸದಲ್ಲಿ ಮೂಲ ಆಕರ ಎಂಬುದೊಂದುಂಟು. ಘಟನೆ ನಡೆದಾಗ ಅಲ್ಲೇ ಇದ್ದು ಕಣ್ಣಾರೆ ಕಂಡವರು ಹೇಳಿದ್ದು, ಬರೆದಿಟ್ಟದ್ದು. ಉಳಿದದ್ದೆಲ್ಲ ಅವರಿವರ ಬಾಯಿಂದ ಬಂದದ್ದು. ಇದನ್ನು ಗಂಟಲು ಹರಿಯುವಷ್ಟು ಹೇಳಿ, ಅಮೆರಿಕದ ಗುಲಾಮಗಿರಿಯ ಬಗ್ಗೆ ಒಂದೊಂದು ಮೂಲ ಆಕರ ಹುಡುಕಿ ತನ್ನಿ ಎಂದೆ.

ಪಡುಬಿದ್ರಿಯಿಂದ ಬರುವ ಹುಡುಗನೊಬ್ಬ ಮೊಬೈಲು ಚಾಚಿದ. ಕೆಂಪು ಗುಲಾಬಿಯ ಚಿತ್ರ, ಶುಭೋದಯ, ಕೆಳಗೆ ಕಥೆ: ಅಮೆರಿಕದ ಅಧ್ಯಕ್ಷನ ಕನಸಿನಲ್ಲಿ ತಾಯಿ ಬಂದು ಗದರಿಸಿದಳಂತೆ, ಅವನು ಎದ್ದು ಮುಖ ತೊಳೆದು ಗುಲಾಮರನ್ನು ಬಿಟ್ಟನಂತೆ.

"ಇದನ್ನು ಬರೆದದ್ದು ಯಾರು ಮಾರಾಯ?"

"ಗೊತ್ತಿಲ್ಲ ಮೇಡಂ."

"ಮತ್ತೆ ನಂಬುವುದು ಹೇಗೆ?"

"ಮೇಲೆ ನೋಡಿ ಮೇಡಂ. ಹಲವು ಬಾರಿ ಫಾರ್ವರ್ಡ್ ಆಗಿದೆ ಅಂತ ಅದರಲ್ಲೇ ಉಂಟು. ಅಷ್ಟು ಜನ ಸುಳ್ಳು ಹೇಳ್ತಾರಾ?"

ಹಣೆ ಚಚ್ಚಿಕೊಂಡು ಸ್ಟಾಫ್ ರೂಮಿಗೆ ಬಂದು ಈ ಕಥೆ ಹೇಳಿದೆ. ಎಲ್ಲರೂ ನಕ್ಕರು, ಅರ್ಥಶಾಸ್ತ್ರದ ಸರ್ ಒಬ್ಬರನ್ನು ಬಿಟ್ಟು. ಅವರು ಗಂಭೀರವಾಗಿ ಹೇಳಿದರು, "ನಗುವಂಥದ್ದು ಎಂತ ಉಂಟು? ನನಗೂ ಬಂದಿತ್ತು. ನಾನೂ ಕಳಿಸಿದ್ದೇನೆ."

ಸೋತವರಿಗೆ ಎಂತ ಕೊಡುವುದು?

ನಮ್ಮ ಕಡೆ ಒಂದು ಸಂಘ ಕಟ್ಟಿದರೆ ಸದಸ್ಯರಿಗಿಂತ ಪದಾಧಿಕಾರಿಗಳೇ ಜಾಸ್ತಿ. ಆಮಂತ್ರಣ ಪತ್ರಿಕೆಯಲ್ಲಿ ಹೆಸರುಗಳ ನಡುವೆ ಕಾರ್ಯಕ್ರಮದ ದಿನಾಂಕವನ್ನು ಹುಡುಕಿ ತೆಗೆಯಬೇಕು. ಇಂಥ ಊರಿನಲ್ಲಿ ಅಮೆರಿಕದ ಸಂವಿಧಾನ ಪಾಠ ಮಾಡುವುದೆಂದರೆ ತಮಾಷೆಯಲ್ಲ.

ಕಾರ್ಕಳದ ಹುಡುಗಿಯೊಬ್ಬಳು ಎದ್ದಳು. ಅವಳ ಅಪ್ಪ ಅಲ್ಲಿಯ ಯಾವ ಸಮಿತಿಯಲ್ಲಿ ಇಲ್ಲ ಎಂದು ಕೇಳಬೇಕು, ಇರುವುದನ್ನು ಕೇಳಬಾರದು. "ಒಬ್ಬನೇ ಅಧ್ಯಕ್ಷನಾ ಮೇಡಂ? ಗೌರವಾಧ್ಯಕ್ಷರು?"

"ಇಲ್ಲ."

"ಕಾರ್ಯಾಧ್ಯಕ್ಷರು?"

"ಅವರೂ ಇಲ್ಲ."

"ನಿಕಟಪೂರ್ವ ಅಧ್ಯಕ್ಷರು?"

"ಮನೆಗೆ ಹೋಗುತ್ತಾರೆ."

ಕ್ಲಾಸಿಗೆ ಕ್ಲಾಸೇ ಮರುಗಿತು. ಅವಳೇ ಹೇಳಿದಳು, "ಅದಕ್ಕೇ ಮೇಡಂ ಅಲ್ಲಿ ಅಷ್ಟು ಜಗಳ. ನಮ್ಮ ಭಜನಾ ಮಂದಿರದಲ್ಲಿ ಸೋತವರನ್ನು ಅಲ್ಲಿಯೇ ಗೌರವ ಸಲಹೆಗಾರ ಮಾಡ್ತಾರೆ. ಊಟಕ್ಕೆ ಕೂರುವಾಗ ಎಲ್ಲ ಸರಿಯಾಗಿರ್ತದೆ."

ಪರೀಕ್ಷೆಯಲ್ಲಿ ಅಧ್ಯಕ್ಷನನ್ನು ಹತೋಟಿಯಲ್ಲಿಡುವುದು ಯಾರು ಎಂದು ಕೇಳಿದ್ದೆ. ಅವಳು "ಕೋಶಾಧಿಕಾರಿ" ಎಂದು ಬರೆದಿದ್ದಳು. ತಪ್ಪೆಂದು ಗೀಟು ಹಾಕಲು ಪೆನ್ನೆತ್ತಿದವಳು, ದುಡ್ಡಿನ ಗಂಟು ಕೈಯಲ್ಲಿಟ್ಟುಕೊಂಡ ಅಮೆರಿಕದ ಸಂಸತ್ತನ್ನು ನೆನೆದು ಅರ್ಧ ಮಾರ್ಕು ಕೊಟ್ಟೆ.

ಕಣ್ಣಾರೆ ಕಂಡವರು

ಸಮಿತಿ ಬರುವ ದಿನ ಹತ್ತಿರವಾಯಿತು. ನನಗೆ ನಿದ್ದೆ ಇಲ್ಲ. ಏನಾದರೂ ತೋರಿಸಲೇಬೇಕು. ಅಷ್ಟರಲ್ಲಿ ಕಾಪುವಿನಲ್ಲಿ ಒಬ್ಬರು ಹಿರಿಯರಿದ್ದಾರೆ, ವಾಷಿಂಗ್ಟನ್ನಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು, ಅಮೆರಿಕದ ಅಧ್ಯಕ್ಷರ ಪ್ರಮಾಣವಚನದ ದಿನ ಅಲ್ಲೇ ಇದ್ದವರು ಎಂದು ಗೊತ್ತಾಯಿತು. ಫೋನು ಮಾಡಿದೆ. "ನೀವು ಆ ದಿನ ಅಲ್ಲಿದ್ದಿರಾ ಅಣ್ಣ?" "ಇದ್ದೆ ಮೇಡಂ, ಇಡೀ ದಿನ." ಉಸಿರಾಡುವ ಮೂಲ ಆಕರ! ವಿದ್ಯಾರ್ಥಿಗಳು ಪ್ರಶ್ನೆ ಕೇಳುವುದು, ಅವರು ಉತ್ತರಿಸುವುದು, ಸಮಿತಿ ನೋಡುವುದು. ಇಷ್ಟೇ ನನ್ನ ಯೋಜನೆ.

ಆದರೆ ನಮ್ಮ ಊರಿನಲ್ಲಿ ಒಬ್ಬರನ್ನು ವೇದಿಕೆಗೆ ಹತ್ತಿಸಿದ ಮೇಲೆ ಸುಮ್ಮನೆ ಬಿಡುವುದುಂಟಾ? ಪ್ರಾರ್ಥನೆ, ದೀಪ, ಸ್ವಾಗತ. ಆಮೇಲೆ ಸನ್ಮಾನ: ಶಾಲು, ಪೇಟ, ಹಣ್ಣಿನ ಬುಟ್ಟಿ, ಶಂಕರಪುರ ಮಲ್ಲಿಗೆಯ ಹಾರ. ಸನ್ಮಾನ ಪತ್ರದಲ್ಲಿ ಅವರ ಹುಟ್ಟಿನಿಂದ ಹಿಡಿದು ಓದಿದರು. ಪ್ರಾಂಶುಪಾಲರು ಅಮೆರಿಕದ ಬಗ್ಗೆ ಮಾತಾಡಿದರು, ಅವರು ಹೋಗಿಲ್ಲ. ಆಡಳಿತ ಮಂಡಳಿಯ ಕಾರ್ಯದರ್ಶಿ ಮಾತಾಡಿದರು, ಅವರು ಹೋಗಿದ್ದಾರೆ, ಆದರೆ ದುಬೈಗೆ. ಸಮಿತಿಯ ಮುಖ್ಯಸ್ಥರೂ ಮಾತಾಡಿದರು. ಪ್ರಶ್ನೆ ಬರೆದುಕೊಂಡು ಕೂತ ಮಕ್ಕಳು ಆಕಳಿಸಿದರು. ನನಗೆ ಮೈಯೆಲ್ಲ ಉರಿಯಿತು.

ನಿರೂಪಣೆ ಮಾಡುವವರ ಹತ್ತಿರ ಹೋಗಿ, "ದಮ್ಮಯ್ಯ, ಅವರಿಗೊಮ್ಮೆ ಮೈಕ್ ಕೊಡಿ" ಎಂದು ಬೇಡಿದೆ.

"ಸಮಯ ಎಲ್ಲುಂಟು ಮೇಡಂ? ಸಾಂಬಾರು ತಣಿಯುತ್ತದೆ."

ವಂದನಾರ್ಪಣೆ ಮಾಡಿದ ಸರ್, "ಅಮೆರಿಕದ ಇತಿಹಾಸವನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿದ ಸನ್ಮಾನಿತರಿಗೆ" ಧನ್ಯವಾದ ಹೇಳಿದರು. ಪುಣ್ಯಾತ್ಮರು ಒಂದಕ್ಷರ ಮಾತಾಡಿರಲಿಲ್ಲ. ನನ್ನ ಕೆಲಸ ಹೋಯಿತು ಎಂದೇ ತಿಳಿದೆ.

ಊಟದಲ್ಲಿ ಸಮಿತಿಯ ಮುಖ್ಯಸ್ಥರು ನನ್ನನ್ನು ಕರೆದರು. "ಅದ್ಭುತ ಮೇಡಂ! ಮೂಲ ಆಕರವನ್ನೇ ವೇದಿಕೆಗೆ ತಂದಿರಲ್ಲ! ಎಂಥ ವಿವರಣೆ! ಈ ಪೇಪರ್ ಯಾವ ಕಾರಣಕ್ಕೂ ನಿಲ್ಲಿಸಬಾರದು." ಪಕ್ಕದಲ್ಲಿದ್ದ ಪ್ರಾಂಶುಪಾಲರು ಕೂಡಲೇ, "ನಿಲ್ಲಿಸುವುದಾ? ಛೆ ಛೆ!" ಎಂದರು.

ಸಂತೋಷದಲ್ಲಿ ಹಿರಿಯರನ್ನು ಬಸ್ಸು ಹತ್ತಿಸಲು ನಾನೇ ಹೋದೆ. ಹಣ್ಣಿನ ಬುಟ್ಟಿ ಹಿಡಿದುಕೊಂಡು ಕೇಳಿದೆ, "ನನಗಾದರೂ ಹೇಳಿ ಅಣ್ಣ, ಪ್ರಮಾಣವಚನ ಹೇಗಿತ್ತು?"

"ಕಂಡರಲ್ಲವಾ ಮೇಡಂ ಹೇಳುವುದು? ಎದುರಿಗೆ ತೆಂಗಿನಮರದ ಹಾಗೆ ಒಬ್ಬ ನಿಂತಿದ್ದ. ಅಧ್ಯಕ್ಷರು ಬಾಯಿ ತೆರೆಯುವಾಗ ನಾನು ಮೂತ್ರದ ಸಾಲಿನಲ್ಲಿದ್ದೆ. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆಮೇಲೆ ರೂಮಿಗೆ ಹೋಗಿ ಟಿವಿಯಲ್ಲಿ ನೋಡಿದೆ. ಅಲ್ಲಿದ್ದಿರಾ ಅಂತ ಎಲ್ಲರೂ ಕೇಳ್ತಾರೆ, ಕಂಡಿರಾ ಅಂತ ಈವರೆಗೆ ಒಬ್ಬರೂ ಕೇಳಲಿಲ್ಲ."

ನಾನು ಬುಟ್ಟಿಯನ್ನು ಕೆಳಗಿಟ್ಟೆ. "ಮೈಕ್ ಕೊಟ್ಟಿದ್ದರೆ ಸಮಿತಿಯ ಎದುರು ಇದನ್ನೇ ಹೇಳುತ್ತಿದ್ದಿರಾ?"

"ಮತ್ತೆ, ಈ ಪ್ರಾಯದಲ್ಲಿ ಸುಳ್ಳು ಹೇಳುವುದಾ? ನಾನು ವಿವರಿಸಿದೆ ಅಂತ ಅವರು ಧನ್ಯವಾದ ಹೇಳಿದಾಗ ನನಗೆ ತಡೆಯಲಿಕ್ಕಾಗಲಿಲ್ಲ. ಸತ್ಯ ಹೇಳಿಯೇ ಬಿಡುವ ಅಂತ ಎದ್ದು ಮೈಕ್ ಹಿಡಿದೆ ಮೇಡಂ. ಅಷ್ಟರಲ್ಲಿ ಜನಗಣಮನ ಹಾಕಿದರು."